ಬೂತಾಯಿ, ಸಾಲ್ಮನ್, ಕಾಟ್ಲಾ, ಮಾತ್ರೆ: ಒಮೆಗಾ-3ಕ್ಕೆ ಯಾವುದು?

ಅಪ್ಪನ ರಕ್ತ ಪರೀಕ್ಷೆಯಲ್ಲಿ ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು, ಜಾಸ್ತಿ ಬಂತು. ಔಷಧಿಯ ಜೊತೆಗೆ ವಾರಕ್ಕೆ ಎರಡು ಸಲ ಕೊಬ್ಬಿರುವ ಮೀನು ಕೊಡಿ ಎಂದರು ಡಾಕ್ಟರು. ಬೆಂಗಳೂರಿನಲ್ಲಿ ಏನೇನು ಸಿಗುತ್ತದೋ ಎಲ್ಲವನ್ನೂ ನಮ್ಮ ಅಡುಗೆಮನೆಯಲ್ಲಿ ಮಾಡಿ ನೋಡಿದೆವು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬೂತಾಯಿಗೆ. ಉತ್ತರ ಕನ್ನಡದ ಕಡೆ ತಾರ್ಲಿ, ಇಂಗ್ಲಿಷಿನಲ್ಲಿ ಸಾರ್ಡೀನ್ ಎನ್ನುತ್ತಾರಲ್ಲ, ಅದೇ. ಆದರೆ ಯಾವ ತಿಂಗಳ ಬೂತಾಯಿ ಎಂಬುದನ್ನೂ ನೋಡಬೇಕು.

ಮೀನಿನಲ್ಲಿರುವ ಒಳ್ಳೆಯ ಕೊಬ್ಬು ಅಂದರೆ ಮುಖ್ಯವಾಗಿ ಇಪಿಎ ಮತ್ತು ಡಿಎಚ್‌ಎ ಎಂಬ ಎರಡು ಒಮೆಗಾ-3 ಕೊಬ್ಬುಗಳು. ಇವನ್ನು ಮೂಲದಲ್ಲಿ ತಯಾರಿಸುವುದು ಕಡಲಿನ ಸೂಕ್ಷ್ಮ ಪಾಚಿ. ಮೀನಿಗೆ ಇದು ಬರುವುದು ಬಹುಪಾಲು ತಿಂದದ್ದರಿಂದ. ಹಾಗಾಗಿ ಮೀನು ಕೊಳ್ಳುವಾಗ ಅದರ ಹೊಟ್ಟೆಗೆ ಏನು ಹೋಗಿದೆ ಎಂದು ಕೇಳಬೇಕು. ದೊಡ್ಡವರಿಗೆ ದಿನಕ್ಕೆ ಇವೆರಡೂ ಸೇರಿ 250 ಮಿಲಿಗ್ರಾಂ ಸಾಕು ಎಂಬುದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆಯ ಲೆಕ್ಕ.

ಮಳೆಗಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಯಲ್ಲಿ ಕಡಲಿನ ಅಡಿಯ ತಣ್ಣೀರು ಸತ್ವ ಹೊತ್ತು ಮೇಲಕ್ಕೆ ಬರುತ್ತದೆ. ಡಯಾಟಮ್ ಎಂಬ ಪಾಚಿ ಹುಲುಸಾಗಿ ಬೆಳೆಯುತ್ತದೆ. ಬೂತಾಯಿ ಅದನ್ನು ತಿಂದು ಕೊಬ್ಬುತ್ತದೆ. ಸೆಪ್ಟೆಂಬರಿನಿಂದ ಡಿಸೆಂಬರ್‌ವರೆಗೆ ಸಿಗುವ ಬೂತಾಯಿಯ ಹೊಟ್ಟೆ ಸೀಳಿದರೆ ಚೂರಿಗೆ ಜಿಡ್ಡು ಅಂಟುತ್ತದೆ. ನಾವು ಪುಳಿಮುಂಚಿ, ಅಂದರೆ ಹುಳಿ-ಖಾರದ ಮೀನು ಸಾರು, ಮಾಡುವಾಗ ಒಂದು ಹನಿ ಎಣ್ಣೆಯನ್ನೂ ಹಾಕಲಿಲ್ಲ. ಮಣ್ಣಿನ ಪಾತ್ರೆ ಒಲೆಯಿಂದ ಇಳಿಸಿ ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಸಾರಿನ ಮೇಲೆ ಕೆಂಪಗೆ ಎಣ್ಣೆ ತೇಲುತ್ತಿತ್ತು, ಎಲ್ಲಾ ಮೀನಿನದೇ. ಉಡುಪಿಯಲ್ಲಿ ಮೀನು ಮಾರುವ ಅಕ್ಕ ಒಮ್ಮೆ ಹೇಳಿದ್ದರು, "ಇದರಲ್ಲೇ ಎಣ್ಣೆ ಉಂಟು, ಬೇರೆ ಹಾಕುವುದು ಬೇಡ." ಏಪ್ರಿಲ್-ಮೇನಲ್ಲಿ ತಂದ ಬೂತಾಯಿ ಬಡಕಲು. ಸಾರಿನ ಮೇಲೆ ಆ ಎಣ್ಣೆ ಕಾಣಲೇ ಇಲ್ಲ.

ತೊಂದರೆಯೂ ಇದೆ. ಈ ಎಣ್ಣೆ ಬಹಳ ಬೇಗ ಕಮಟುತ್ತದೆ. ಐಸ್ ಸರಿಯಾಗಿ ಇಲ್ಲದೆ ಬೆಂಗಳೂರಿಗೆ ಬಂದದ್ದಾದರೆ ಕೊಳ್ಳದಿರುವುದೇ ಒಳ್ಳೆಯದು. ಮುಳ್ಳು ಜಾಸ್ತಿ. ಇನ್ನು ಎಣ್ಣೆಯಲ್ಲಿ ಮುಳುಗಿಸಿ ಕರಿದರೆ ಮೀನಿನ ಕೊಬ್ಬು ಬಾಣಲೆಗೆ ಬಿಡುತ್ತದೆ, ಬಾಣಲೆಯ ಎಣ್ಣೆ ಮೀನಿಗೆ ಸೇರುತ್ತದೆ. ರವಾ ಫ್ರೈ ನನಗೂ ಇಷ್ಟ, ಆದರೆ ಅಪ್ಪನಿಗೆ ಸಾರೇ ಮಾಡುತ್ತೇನೆ.

ಸಾಲ್ಮನ್ ನೋಡಲು ಚೆಂದ. ಕಿತ್ತಳೆ ಬಣ್ಣದ ಮಾಂಸ, ನಡುನಡುವೆ ಬಿಳಿ ಗೆರೆಗಳು. ಆ ಗೆರೆಗಳ ಸುತ್ತಲೇ ಕೊಬ್ಬು ಇರುವುದು. ಸಾಕಿದ ಮೀನಿಗೆ ಬಣ್ಣ ಬರಲಿ ಎಂದು ಮೇವಿಗೆ ಅಸ್ಟಾಕ್ಸಾಂಥಿನ್ ಎಂಬ ಬಣ್ಣದ ಪದಾರ್ಥ ಸೇರಿಸುತ್ತಾರೆ. 1990ರಲ್ಲಿ ನಾರ್ವೆಯ ಸಾಲ್ಮನ್ ಮೇವಿನಲ್ಲಿ ನೂರಕ್ಕೆ ಸುಮಾರು 90 ಪಾಲು ಕಡಲಿನದೇ ಇತ್ತು, ಮೀನುಪುಡಿ ಮತ್ತು ಮೀನೆಣ್ಣೆ. 2013ರ ಹೊತ್ತಿಗೆ ಅದು 30ರ ಆಸುಪಾಸಿಗೆ ಇಳಿಯಿತು. ಉಳಿದದ್ದು ಸೋಯಾ, ಕೆನೋಲಾ ಎಣ್ಣೆ ಮುಂತಾದವು. ಸ್ಕಾಟ್ಲೆಂಡಿನ ಸಾಕು ಸಾಲ್ಮನ್ ಬಗ್ಗೆ ಸ್ಟರ್ಲಿಂಗ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮೇವಿನ ಜೊತೆಗೆ ಮೀನಿನ ಒಮೆಗಾ-3 ಕೂಡ ಇಳಿಯಿತು. 2006ರಲ್ಲಿ ಒಂದು ತುಂಡಿನಿಂದ ಸಿಗುತ್ತಿದ್ದ ಇಪಿಎ, ಡಿಎಚ್‌ಎಗೆ 2015ರಲ್ಲಿ ಎರಡು ತುಂಡು ಬೇಕಾಯಿತು. ಹಾಗಂತ ಅದು ಕಳಪೆ ಮೀನಲ್ಲ. ಈಗಲೂ ಎಷ್ಟೋ ಮೀನುಗಳಿಗಿಂತ ಜಾಸ್ತಿ ಒಮೆಗಾ-3 ಅದರಲ್ಲಿದೆ. ಮುಳ್ಳಿನ ಕಾಟ ಇಲ್ಲ, ನನ್ನ ಮಗಳು ಖುಷಿಯಿಂದ ತಿಂದಳು. ಅಪ್ಪ ಮಾತ್ರ "ಹುಳಿ, ಖಾರ ಒಳಗೆ ಇಳಿಯುವುದೇ ಇಲ್ಲ ಮಾರಾಯ್ತಿ" ಎಂದು ತಟ್ಟೆ ಸರಿಸಿದರು. ಬೆಲೆಯಂತೂ ಕೇಳಲೇಬೇಡಿ.

ಕಾಟ್ಲಾ ಅಗ್ಗ, ದಿನಾ ಸಿಗುತ್ತದೆ. ಬೆಂಗಳೂರಿಗೆ ಬಹುಪಾಲು ಆಂಧ್ರದ ಹೊಂಡಗಳಿಂದ ಬರುತ್ತದೆ. ಅಕ್ಕಿ ತೌಡು, ಎಣ್ಣೆ ಹಿಂಡಿ ತಿಂದು ಬೆಳೆದ ಮೀನು. ಪ್ರೋಟೀನ್ ಚೆನ್ನಾಗಿದೆ, ಇಪಿಎ-ಡಿಎಚ್‌ಎ ಕಡಿಮೆ. ಡಾಕ್ಟರು ಹೇಳಿದ ಕೆಲಸಕ್ಕೆ ಇದು ಆಗುವುದಿಲ್ಲ.

ಮಾತ್ರೆ ಕೊಳ್ಳುವವರು ಡಬ್ಬಿಯ ಹಿಂಭಾಗ ಓದಿ. ಮುಂದೆ ದೊಡ್ಡದಾಗಿ 1000 ಮಿಲಿಗ್ರಾಂ ಅಂತ ಇರುತ್ತದೆ, ಅದು ಮೀನೆಣ್ಣೆಯ ತೂಕ. ಸಾಮಾನ್ಯ ಮಾತ್ರೆಯಲ್ಲಿ ಇಪಿಎ 180, ಡಿಎಚ್‌ಎ 120 ಇರುತ್ತದೆ, ಅಷ್ಟೇ. ತೇಗಿದಾಗಲೆಲ್ಲ ಮೀನಿನ ವಾಸನೆ ಎಂದು ಅಪ್ಪ ಗೊಣಗಿದರು. ಮೀನು ತಿನ್ನದವರು ಅಗಸೆ ಬೀಜ ತಿನ್ನಬಹುದು, ಒಳ್ಳೆಯದೇ. ಆದರೆ ಅದರಲ್ಲಿರುವುದು ಬೇರೆ ಒಮೆಗಾ-3, ನಮ್ಮ ದೇಹ ಅದನ್ನು ಇಪಿಎ, ಡಿಎಚ್‌ಎ ಆಗಿ ಬದಲಾಯಿಸುವುದು ತೀರಾ ಸ್ವಲ್ಪ.

ನನಗೆ ನಿಜಕ್ಕೂ ನೋವಾಗುವ ಸಂಗತಿ ಒಂದಿದೆ. ನಮ್ಮ ಕರಾವಳಿಯ ಬೂತಾಯಿ ರಾಶಿ ರಾಶಿಯಾಗಿ ಮೀನುಪುಡಿ ಕಾರ್ಖಾನೆಗೆ ಹೋಗಿ ಸಾಕು ಸಿಗಡಿ, ಮೀನುಗಳಿಗೆ ಮೇವಾಗುತ್ತದೆ. ಬಡವರ ಮನೆಯ ಮಕ್ಕಳ ತಟ್ಟೆಗೆ ಬೀಳಬೇಕಾದ ಮೀನು ಅದು, ಅಲ್ವಾ?

ಈಗ ನಮ್ಮ ಮನೆಯ ಕ್ರಮ ಹೀಗಿದೆ. ಸೆಪ್ಟೆಂಬರಿನಿಂದ ಡಿಸೆಂಬರ್‌ವರೆಗೆ ಬೂತಾಯಿ, ಆಮೇಲೆ ಬಂಗುಡೆ. ಜೂನ್-ಜುಲೈಯಲ್ಲಿ ಯಾಂತ್ರಿಕ ದೋಣಿಗಳಿಗೆ 61 ದಿನ ರಜೆ. ಆಗ ಫ್ರೀಜರಿನ ಬಂಗುಡೆ ಸಿಕ್ಕರೆ ಅದು, ಇಲ್ಲದಿದ್ದರೆ ಮಗಳ ನೆಪದಲ್ಲಿ ಒಂದು ತುಂಡು ಸಾಲ್ಮನ್.