ಸ್ನಾನದ ಮನೆಯ ತಣ್ಣನೆಯ ಹೊರಗೋಡೆಗೆ ಎಕ್ಸ್‌ಪಿಎಸ್ ಹಲಗೆ: ಒಂದು ಚಳಿಗಾಲ ಕಳೆದ ಮೇಲೆ

ನಮ್ಮ ಸ್ನಾನದ ಮನೆಯ ಒಂದು ಗೋಡೆ ಮಾತ್ರ ಹೊರಗಿನ ಚಳಿಗೆ ಮೈಯೊಡ್ಡಿ ನಿಂತಿದೆ. ಯಾರಾದರೂ ಬಿಸಿನೀರಿನ ಸ್ನಾನ ಮುಗಿಸಿ ಬಂದರೆ ಸಾಕು, ಅದರ ಮೇಲೆ ಹನಿಗಳು ಮೂಡಿ, ಒಂದಕ್ಕೊಂದು ಕೂಡಿಕೊಂಡು, ಟೈಲ್ಸ್ ಸಂದಿಗುಂಟ ನೆಲಕ್ಕಿಳಿಯುತ್ತಿದ್ದವು. ಮೂಲೆಯ ಕಪ್ಪು ಬೂಷ್ಟು ಎಷ್ಟು ಉಜ್ಜಿದರೂ ಮರಳಿ ಬರುತ್ತಿತ್ತು. ಪೈಪಿನ ಸೋರಿಕೆಯಲ್ಲವೆಂದು ಖಚಿತವಾದ ಬಳಿಕ ಹಳೆಯ ಟೈಲ್ಸ್ ತೆಗೆಸಿ, ಒಳಬದಿಗೆ 30 ಮಿಲಿಮೀಟರ್ ದಪ್ಪದ ಎಕ್ಸ್‌ಪಿಎಸ್ (ಎಕ್ಸ್‌ಟ್ರೂಡೆಡ್ ಪಾಲಿಸ್ಟೈರೀನ್ ಎಂಬ, ಶಾಖ ತಡೆಯುವ ಗಟ್ಟಿ ಫೋಮ್) ಹಲಗೆ ಅಂಟಿಸಿ, ಅದರ ಮೇಲೆ ಹೊಸ ಟೈಲ್ಸ್ ಹಾಕಿಸಿದೆವು.

ಎರಡೂ ಮುಖಗಳಿಗೆ ಗಾಜಿನ ನಾರಿನ ಬಲೆ ಮತ್ತು ಸಿಮೆಂಟಿನ ತೆಳು ಲೇಪವಿರುವ ಈ ಹಲಗೆ ಬಹಳ ಹಗುರ. ಹರಿತವಾದ ಚಾಕುವಿನಿಂದಲೇ ಕತ್ತರಿಸಬಹುದು. 22 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಸಾಪೇಕ್ಷ ಆರ್ದ್ರತೆ ಶೇ. 80 ಇದ್ದಾಗ ಇಬ್ಬನಿ ಬಿಂದು (ಆವಿ ನೀರಾಗತೊಡಗುವ ಉಷ್ಣತೆ) ಸುಮಾರು 18.4 ಡಿಗ್ರಿ, ಅದಕ್ಕಿಂತ ತಣ್ಣಗಿರುವ ಮೇಲ್ಮೈ ಒದ್ದೆಯಾಗಲೇಬೇಕು. ಇಟ್ಟಿಗೆಗೆ ಹೋಲಿಸಿದರೆ ಎಕ್ಸ್‌ಪಿಎಸ್ ಶಾಖವನ್ನು ಸುಮಾರು ಇಪ್ಪತ್ತನೆಯ ಒಂದು ಪಾಲಿನಷ್ಟು ಮಾತ್ರ ಸಾಗಿಸುವುದರಿಂದ, ಈ ತೆಳು ಪದರವೇ ಗೋಡೆಯ ಒಳಮೈಯನ್ನು ಕೋಣೆಯ ಉಷ್ಣತೆಯ ಸಮೀಪಕ್ಕೆ ತರುತ್ತದೆ. ಈಗ ಬೆಳಿಗ್ಗೆ ಅಂಗೈಯಿಟ್ಟರೆ ಮೊದಲಿನ ಕೊರೆತವಿಲ್ಲ, ಬೂಷ್ಟೂ ಮರಳಿಲ್ಲ.

ಆದರೆ ಹಲಗೆಯ ಗುಣಕ್ಕಿಂತ ಅದನ್ನು ಕೂರಿಸುವ ಕ್ರಮವೇ ಮುಖ್ಯವೆಂಬುದು ನನ್ನ ದೃಢ ಅಭಿಪ್ರಾಯ. ನಮ್ಮ ಕೆಲಸಗಾರರು ಗಾರೆಯನ್ನು ಅಲ್ಲಲ್ಲಿ ಮುದ್ದೆಯಾಗಿ ಇಡಲು ಹೊರಟಿದ್ದರು. ಹಾಗೆ ಮಾಡಿದರೆ ಹಲಗೆಯ ಹಿಂದೆ ಪೊಳ್ಳು ಉಳಿದು, ಸಂದಿಯಿಂದ ನುಸುಳಿದ ಆವಿ ಕೋಣೆಯ ಶಾಖ ತಲುಪದೆ ಮೊದಲಿಗಿಂತಲೂ ತಣ್ಣಗಾಗಿರುವ ಇಟ್ಟಿಗೆಯ ಮೇಲೆ, ಕಣ್ಣಿಗೆ ಕಾಣದಂತೆ ನೀರಾಗುತ್ತದೆ. ಪೂರ್ತಿ ಗಾರೆ ಬಳಿಸಿ, ಪ್ರತಿಯೊಂದು ಸಂದಿಗೂ ಅಂಚಿಗೂ ಜಲನಿರೋಧಕ ಪಟ್ಟಿ ಹಾಕಿಸಿದೆವು. ಕಿಟಕಿಯ ಒಳಪಕ್ಕಗಳನ್ನು ಮಾತ್ರ ಅವರು ಹಾಗೆಯೇ ಬಿಟ್ಟರು, ನಾವೂ ಗಮನಿಸಲಿಲ್ಲ. ಮೊದಲ ಚಳಿಯಲ್ಲೇ ಆ ಗೇಣಗಲದ ಪಟ್ಟಿಯಲ್ಲಿ ಹನಿಗಳು ಸಾಲುಗಟ್ಟಿದವು. ಅಲ್ಲಿ 10 ಮಿಲಿಮೀಟರ್ ಹಲಗೆ ಹಾಕಿಸಿದ ಮೇಲಷ್ಟೇ ಒಣಗಿತು.

ಗೋಡೆ ಬೆಚ್ಚಗಾದ ಮಾತ್ರಕ್ಕೆ ಗಾಳಿಯಲ್ಲಿನ ಆವಿ ಕಡಿಮೆಯಾಗುವುದಿಲ್ಲವಾದ್ದರಿಂದ, ಸ್ನಾನದ ನಂತರವೂ ಎಕ್ಸಾಸ್ಟ್ ಫ್ಯಾನನ್ನು ಇಪ್ಪತ್ತು ನಿಮಿಷ ಓಡಿಸುತ್ತೇವೆ. ಒಂಟಿ ಪದರದ ಕಿಟಕಿ ಗಾಜು ಈಗಲೂ ಬೆವರುತ್ತದೆ. ಅದನ್ನು ದಿನವೂ ಒರೆಸುತ್ತೇವೆ.