ಮಷೀನಿಗೆ ಹಾಕಿಸಿದ ಫೈರ್‌ವಾಲ್ ಡಬ್ಬಿ: ಆರು ತಿಂಗಳಾದ ಮೇಲೆ

ನಾನು ಸೆಟ್ಟರ್, ಅಂದರೆ ಮಷೀನಿಗೆ ಟೂಲ್, ಜಾಬ್ (ಕಟ್ ಮಾಡೋ ಪೀಸ್) ಕೂರಿಸಿ ಅಂಕಿ ಹೊಂದಿಸೋನು. ನೆಟ್‌ವರ್ಕ್ ವಿಷಯ ಅಷ್ಟಾಗಿ ಗೊತ್ತಿಲ್ಲ. ಆದರೆ ಟೂಲ್ ಆಫ್‌ಸೆಟ್‌ನಲ್ಲಿ (ಟೂಲ್ ತುದಿ ಎಲ್ಲಿದೆ ಅಂತ ಮಷೀನಿಗೆ ಹೇಳೋ ಅಂಕಿ) ದಶಮಾಂಶ ಪಾಯಿಂಟ್ ಜಾಗ ತಪ್ಪಿದರೆ ಟೂಲ್ ಹಿಡಿದ ಟರೆಟ್ ಹೋಗಿ ಜಾಬ್ ಹಿಡಿದು ತಿರುಗೋ ಚಕ್‌ಗೆ ಹೇಗೆ ಗುದ್ದುತ್ತೆ ಅನ್ನೋದು ಚೆನ್ನಾಗಿ ಗೊತ್ತು. ಒಂದು ಸಿಎನ್‌ಸಿ ಲೇತ್‌ಗೆ, ಒಂದು ವಿಎಂಸಿಗೆ (ಕಂಪ್ಯೂಟರ್ ಓಡಿಸೋ ಮಿಲ್ಲಿಂಗ್ ಮಷೀನ್) ಈ ಡಬ್ಬಿ ಹಾಕಿಸಿದಾಗ ನಾನು ಕೇಳಿದ್ದು ಒಂದೇ ಪ್ರಶ್ನೆ: ಮಷೀನ್ ಬಾಗಿಲ ಮುಂದೆ ನಿಂತವನಿಗೆ ಇದರಿಂದ ಏನು ಉಪಯೋಗ?

ಉಪಯೋಗ ಇದೆ. ಮಷೀನಿಗೂ ನೆಟ್‌ವರ್ಕ್‌ಗೂ ನಡುವೆ ಕೂತು, ಒಪ್ಪಿಗೆ ಕೊಟ್ಟ ಪಿಸಿಯನ್ನಷ್ಟೇ ಇದು ಒಳಗೆ ಬಿಡುತ್ತೆ. ನಮ್ಮ ಫ್ಯಾನಕ್ ಕಂಟ್ರೋಲ್‌ನಿಂದ (ಮಷೀನ್ ಓಡಿಸೋ ಕಂಪ್ಯೂಟರ್) ಆಫೀಸಿನ ಪಿಸಿ ಪೀಸ್ ಎಣಿಕೆ ಓದೋದು ಫೋಕಸ್ (ಕಂಟ್ರೋಲ್ ಜೊತೆ ಮಾತಾಡೋ ಫ್ಯಾನಕ್‌ನದೇ ಸಾಫ್ಟ್‌ವೇರ್) ಮೂಲಕ, 8193ನೇ ಪೋರ್ಟ್ ಅನ್ನೋ ನೆಟ್‌ವರ್ಕ್ ದಾರಿಯಲ್ಲಿ. ಎಣಿಕೆ ಓದೋ ಅದೇ ದಾರಿಯಲ್ಲಿ ಆಫ್‌ಸೆಟ್ ಬದಲಿಸಲೂ ಬಹುದು. ನಮ್ಮ ಹಳೇ ಕಂಟ್ರೋಲ್ ಪಾಸ್‌ವರ್ಡ್ ಕೂಡ ಕೇಳಲ್ಲ. ವಿಎಂಸಿಯ ಪರದೆ ಹಿಂದೆ ಇರೋದು ವಿಂಡೋಸ್ ಎಕ್ಸ್‌ಪಿ. ಅದಕ್ಕೆ ಮೈಕ್ರೋಸಾಫ್ಟ್ ಸಪೋರ್ಟ್ ನಿಲ್ಲಿಸಿದ್ದು 2014ರಲ್ಲೇ. 2018ರಲ್ಲಿ ಟಿಎಸ್‌ಎಂಸಿಯಂಥ ಚಿಪ್ ಕಂಪನಿಯಲ್ಲೇ ಹೊಸ ಮಷೀನ್ ಹಾಕುವಾಗ ವೈರಸ್ ಹೊಕ್ಕು ಕೆಲಸ ನಿಂತಿತ್ತು, ನಮ್ಮದೇನು ಮಹಾ ಅಲ್ವಾ?

ನನಗೆ ಜಾಸ್ತಿ ಇಷ್ಟವಾದದ್ದು ಡಬ್ಬಿಯ ಕೀ ಸ್ವಿಚ್. ದೂರದಲ್ಲಿ ಕೂತ ಸರ್ವಿಸ್ ಎಂಜಿನಿಯರ್ ಒಳಗೆ ಬರಬೇಕಾದರೆ ನಾನು ಕೀ ತಿರುಗಿಸಬೇಕು. ಕೀ ಇರೋದು ನನ್ನ ಜೇಬಲ್ಲಿ. ತಿರುಗಿಸೋ ಮುಂಚೆ ಜಾಬ್ ತೆಗೆದು, ಆಫ್‌ಸೆಟ್ ಪೇಜ್‌ನ ಫೋಟೋ ಹೊಡೆದಿಟ್ಟುಕೊಳ್ಳುತ್ತೇನೆ. ಅವರ ಕೆಲಸ ಮುಗಿದ ಮೇಲೆ ಸಾಲು ಸಾಲಾಗಿ ಹೋಲಿಸಿ, ಮೊದಲ ಪೀಸ್ ಒಂದೊಂದೇ ಸಾಲು ಓಡೋ ಸಿಂಗಲ್ ಬ್ಲಾಕ್‌ನಲ್ಲಿ, ರ‍್ಯಾಪಿಡ್ (ಕಟಿಂಗ್ ಇಲ್ಲದಾಗ ಟೂಲ್ ಸಾಗೋ ವೇಗ) 25 ಪರ್ಸೆಂಟ್‌ನಲ್ಲಿಟ್ಟು ಓಡಿಸುತ್ತೇನೆ. ಎರಡು ಸಲ ಅಂಕಿ ಬದಲಾಗಿತ್ತು. ಕೇಳಿದರೆ, ಹೌದು ಮುಟ್ಟಿದ್ದೆ ಅಂದರು.

ಜಾಬ್ ಇಲ್ಲದೆ ಪ್ರೋಗ್ರಾಂ ಓಡಿಸುತ್ತಾ ಡಬ್ಬಿಯ ಕರೆಂಟ್ ಕಿತ್ತು ನೋಡಿದೆ. ಲೇತ್ ತನ್ನ ಪಾಡಿಗೆ ಓಡಿತು, ಪ್ರೋಗ್ರಾಂ ಅದರ ಮೆಮೊರಿಯಲ್ಲೇ ಇತ್ತಲ್ಲ. ವಿಎಂಸಿ ಮಾತ್ರ ಸ್ವಲ್ಪ ಹೊತ್ತಿಗೆ ನಿಂತುಬಿಟ್ಟಿತು. ಅದರ ಉದ್ದದ ಪ್ರೋಗ್ರಾಂ ಡಿಎನ್‌ಸಿಯಿಂದ (ನೆಟ್‌ವರ್ಕ್‌ನಲ್ಲಿ ಪ್ರೋಗ್ರಾಂ ಕಳಿಸೋ ಕಂಪ್ಯೂಟರ್) ಸಾಲು ಸಾಲಾಗಿ ಬರುತ್ತೆ. ಕಟಿಂಗ್ ನಡೀವಾಗ ಹೀಗಾಗಿದ್ದರೆ ಜಾಬ್ ಮೇಲೆ ಗೀರು ಗ್ಯಾರಂಟಿ. ಈಗ ಮಷೀನಿನ ಮೆಮೊರಿ ಕಾರ್ಡ್‌ಗೆ ಹಾಕಿಕೊಂಡು ಓಡಿಸುತ್ತೇವೆ. ಎಮರ್ಜೆನ್ಸಿ ಸ್ಟಾಪ್‌ಗೆ ಬೇರೆ ವೈರ್, ಅದಕ್ಕೂ ಡಬ್ಬಿಗೂ ಸಂಬಂಧ ಇಲ್ಲ.

ಕೊರತೆ ಅಂದರೆ, ಇದು ಓದೋದನ್ನೂ ಬರೆಯೋದನ್ನೂ ಬೇರೆ ಮಾಡಲ್ಲ. ಆಫೀಸಿನ ಆ ಒಂದು ಪಿಸಿಗೇ ವೈರಸ್ ಹೊಕ್ಕರೆ ದಾರಿ ತೆರೆದೇ ಇರುತ್ತೆ. ಪೆನ್ ಡ್ರೈವ್ ತಂದು ಚುಚ್ಚೋರನ್ನೂ ತಡೆಯಲ್ಲ.

ಫಿಟ್ ಮಾಡಿದವರದ್ದು ಬೇರೆ ಕಥೆ. ಡಬ್ಬಿಯ ಫ್ಯಾಕ್ಟರಿ ಪಾಸ್‌ವರ್ಡ್ ಹಾಗೇ ಬಿಟ್ಟಿದ್ದರು. ಅದನ್ನು ಬದಲಿಸಿದ್ದಾಯ್ತು. ಆದರೆ ಟೆಸ್ಟಿಂಗ್ ಅಂತ ಲೇತ್‌ನ ಡೋರ್ ಇಂಟರ್‌ಲಾಕ್‌ಗೆ (ಬಾಗಿಲು ತೆರೆದಿದ್ದರೆ ಚಕ್ ತಿರುಗದಂತೆ ತಡೆಯೋ ಸ್ವಿಚ್) ಅದನ್ನು ಸುಮ್ಮನಾಗಿಸೋ ಜಂಪರ್ ವೈರ್ ಹಾಕಿ, ತೆಗೆಯದೇ ಹೊರಟಿದ್ದರು. ಚಕ್ ಖಾಲಿ ಇಟ್ಟು, ಬಾಗಿಲು ತೆರೆದು, ಪಕ್ಕಕ್ಕೆ ನಿಂತು ಕಡಿಮೆ ವೇಗದಲ್ಲಿ, ಚಕ್ ತಿರುಗಿಸೋ ಸ್ಪಿಂಡಲ್ ಆನ್ ಮಾಡಿ ನೋಡಿದೆ. ತಿರುಗೇ ಬಿಟ್ಟಿತು! ಮಷೀನ್ ಆಫ್ ಮಾಡಿಸಿ ಅವರನ್ನು ವಾಪಸ್ ಕರೆಸಿದೆ.

ಡಬ್ಬಿಗೆ ನಾಲ್ಕು ಸ್ಟಾರ್. ಫಿಟಿಂಗ್‌ಗೆ ಒಂದು. ಆ ಜಂಪರ್ ವೈರ್ ಈಗಲೂ ನನ್ನ ಟೂಲ್ ಬಾಕ್ಸ್‌ನಲ್ಲಿದೆ, ಮುಂದಿನ ಸಲ ಬಂದವರಿಗೆ ಮೊದಲು ಅದನ್ನೇ ತೋರಿಸೋದು.