ಒಟ್ಟು ಬಿತ್ತನೆ, ಕಂತು ಬಿತ್ತನೆ, ಬಹುವಾರ್ಷಿಕ ಗಿಡ: ಮೂರು ತಾಕುಗಳ ಹೋಲಿಕೆ

ವರ್ಷದ ಹನ್ನೆರಡೂ ತಿಂಗಳು ಮನೆಗೆ ಬೇಕಾದ ತರಕಾರಿಯನ್ನು ಸ್ವಂತ ನೆಲದಲ್ಲಿಯೇ ಬೆಳೆದುಕೊಳ್ಳಬೇಕೆಂದು ಹೊರಟವರನ್ನು ಕಾಡುವುದು ಇಳುವರಿಯ ಕೊರತೆಗಿಂತ ಹೆಚ್ಚಾಗಿ ನಡುನಡುವೆ ಬರುವ ಬರಿಗೈ ವಾರಗಳು. ಒಂದು ತಿಂಗಳು ತಿಂದು ಮುಗಿಸಲಾರದಷ್ಟು ಬದನೆ ಸಿಕ್ಕರೆ ಮುಂದಿನ ತಿಂಗಳು ಒಂದು ಹಿಡಿ ಸೊಪ್ಪಿಗೂ ಪರದಾಡಬೇಕಾಗುತ್ತದೆ. ಈ ತೆರಪನ್ನು ಕಡಿಮೆ ಖರ್ಚಿನಲ್ಲಿ ಯಾವ ಕ್ರಮ ತುಂಬುತ್ತದೆ ಎಂಬುದನ್ನು ತಿಳಿಯಲು, ಐದು ಜನರ ನಮ್ಮ ಮನೆಯ ಅಗತ್ಯವನ್ನೇ ಅಳತೆಯಾಗಿ ಇಟ್ಟುಕೊಂಡು, ಮೂರು ವರ್ಷಗಳ ಕಾಲ ಮೂರು ತಾಕುಗಳನ್ನು ಬೇರೆ ಬೇರೆಯಾಗಿ ನಡೆಸಿದೆವು. ಮೂರಕ್ಕೂ ಒಂದೇ ವಿಸ್ತೀರ್ಣ, ಒಂದೇ ಮಣ್ಣು, ಒಂದೇ ಬಾವಿಯ ನೀರು, ಒಂದೇ ತಿಪ್ಪೆಯ ಗೊಬ್ಬರ. ಮೊದಲನೆಯದರಲ್ಲಿ ಹಂಗಾಮಿಗೊಮ್ಮೆ ಒಟ್ಟಾಗಿ ಬಿತ್ತಿ ಫಸಲನ್ನು ಕೂಡಿಟ್ಟೆವು. ಎರಡನೆಯದರಲ್ಲಿ ಸ್ವಲ್ಪ ಸ್ವಲ್ಪವಾಗಿ ಕಂತುಗಳಲ್ಲಿ ಬಿತ್ತುತ್ತಾ ಹೋದೆವು. ಮೂರನೆಯದರಲ್ಲಿ ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಕೊಡುವ ಗಿಡಬಳ್ಳಿಗಳನ್ನು ಬೆಳೆಸಿದೆವು.

ಕಂತು ಬಿತ್ತನೆಯೇ ಗೆಲ್ಲುತ್ತದೆ ಎಂಬ ಪಕ್ಷಪಾತ ನನಗೆ ಆರಂಭದಲ್ಲಿ ಇತ್ತೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಲೆಕ್ಕ ಸರಳವಾಗಿ ಕಾಣುತ್ತಿತ್ತು. ಮೂಲಂಗಿ ಮತ್ತು ಹರಿವೆ ಸುಮಾರು 30 ದಿನಗಳಲ್ಲಿ, ಬೆಂಡೆ 50 ದಿನಗಳ ಆಸುಪಾಸಿನಲ್ಲಿ, ಗಿಡ ಹುರುಳಿಕಾಯಿ 50ರಿಂದ 60 ದಿನಗಳಲ್ಲಿ ಕೊಯ್ಲಿಗೆ ಬರುವುದಾದರೆ, 15 ದಿನಗಳಿಗೊಮ್ಮೆ ಒಂದೊಂದು ಸಾಲು ಬಿತ್ತುತ್ತಾ ಹೋದವರಿಗೆ ಕೊಯ್ಲು ಕೂಡ 15 ದಿನಗಳಿಗೊಮ್ಮೆ ತಪ್ಪದೆ ಸಿಗಬೇಕಲ್ಲವೇ? ಸಿಗಲಿಲ್ಲ. ಚಳಿ ಕಳೆದು ಬಿಸಿಲೇರುವ ತಿಂಗಳುಗಳಲ್ಲಿ ತಡವಾಗಿ ಬಿತ್ತಿದ ಸಾಲು ಬೆಚ್ಚನೆಯ ಮಣ್ಣಿನಲ್ಲಿ ದಾಪುಗಾಲು ಹಾಕಿ ಹಿಂದಿನ ಸಾಲನ್ನು ಹಿಡಿದುಬಿಟ್ಟಿತು; ಎರಡು ಕಂತುಗಳ ಹುರುಳಿಕಾಯಿ ಒಂದೇ ವಾರದಲ್ಲಿ ಬಲಿತು, ಅರ್ಧ ಗಿಡದಲ್ಲಿಯೇ ನಾರಾಯಿತು. ಚಳಿಗೆ ತಿರುಗುವ ತಿಂಗಳುಗಳಲ್ಲಿ ಇದರ ತದ್ವಿರುದ್ಧವಾಗಿ, ತಡವಾದ ಪ್ರತಿಯೊಂದು ಸಾಲೂ ಇನ್ನಷ್ಟು ತಡವಾಗುತ್ತಾ ಹೋಯಿತು. ಎರಡನೆಯ ವರ್ಷ ಪಂಚಾಂಗ ನೋಡಿ ಬಿತ್ತುವುದನ್ನು ಬಿಟ್ಟು, ಹಿಂದಿನ ಕಂತಿನ ಸಸಿಗಳು ಬೀಜದೆಲೆಯನ್ನು ದಾಟಿ ಮೊದಲ ನಿಜವಾದ ಎಲೆಯನ್ನು ಬಿಡಿಸಿದಾಗ ಮುಂದಿನ ಸಾಲನ್ನು ಬಿತ್ತಿದೆವು. ಹವೆಯ ಲೆಕ್ಕವನ್ನು ಗಿಡವೇ ಇಟ್ಟುಕೊಳ್ಳುವುದರಿಂದ ಏರುಪೇರು ಬಹಳ ಮಟ್ಟಿಗೆ ತಗ್ಗಿತು.

ಕಂತು ಬಿತ್ತನೆಗೆ ಇನ್ನೊಂದು ಬೆಲೆಯಿದೆ. ಅದನ್ನು ಹೊಗಳುವವರು ಇದರ ಮಾತೆತ್ತುವುದು ಅಪರೂಪ. ತಾಕಿನಲ್ಲಿ ಸದಾ ಒಂದಲ್ಲ ಒಂದು ವಯಸ್ಸಿನ ಬೆಂಡೆ ಇದ್ದರೆ ಬಿಳಿನೊಣಕ್ಕೂ ಸದಾ ಮನೆಯುಂಟು. ಹಳೆಯ ಗಿಡಗಳಿಂದ ಎಳೆಯ ಗಿಡಗಳಿಗೆ ಅದು ಹಾರುವಾಗ ಹಳದಿ ನರ ರೋಗದ ನಂಜನ್ನೂ ಹೊತ್ತೊಯ್ಯುತ್ತದೆ. ಟೊಮೆಟೊದ ಎಲೆಮುರುಟು ನಂಜು ಹರಡುವುದೂ ಇದೇ ಕೀಟದ ಮೂಲಕ. ನಮ್ಮ ನಾಲ್ಕನೆಯ ಕಂತಿನ ಬೆಂಡೆ ಹೂ ಬಿಡುವ ಮುನ್ನವೇ ಹಳದಿಗಟ್ಟಿತು. ಒಟ್ಟಾಗಿ ಬಿತ್ತಿದ ತಾಕಿನಲ್ಲಿ ಅದೇ ವರ್ಷ ಬೆಂಡೆ ಚೆನ್ನಾಗಿಯೇ ಬಂದಿತ್ತು, ಏಕೆಂದರೆ ಅಲ್ಲಿ ಬೆಳೆಯನ್ನು ಒಮ್ಮೆಗೇ ಕಿತ್ತು ತೆಗೆದ ಮೇಲೆ ಕೀಟಕ್ಕೆ ಆಸರೆಯೇ ಉಳಿಯುತ್ತಿರಲಿಲ್ಲ. ಆ ಬಳಿಕ ಹೊಸ ಕಂತನ್ನು ಹಳೆಯದರ ಮಗ್ಗುಲಲ್ಲಿ ಹಾಕದೆ ತಾಕಿನ ಇನ್ನೊಂದು ತುದಿಗೆ ಒಯ್ದೆವು. ಮುದಿಯಾದ ಗಿಡದಲ್ಲಿ ಇನ್ನೂ ನಾಲ್ಕು ಕಾಯಿ ಬಂದೀತೆಂಬ ಆಸೆಯನ್ನು ಬಿಟ್ಟು ಬೇಗನೆ ಕಿತ್ತೆವು. ಜಿಪುಣರಿಗೆ ಈ ಎರಡನೆಯ ಕೆಲಸ ಕಷ್ಟ, ನನಗಂತೂ ಕಷ್ಟವಾಯಿತು.

ಒಟ್ಟು ಬಿತ್ತನೆಯನ್ನು ನಾನು ಹಳೆಯ ಕಾಲದ ಪದ್ಧತಿ ಎಂದು ಕಡೆಗಣಿಸಿದ್ದೆ. ಆದರೆ ಬೇಸಿಗೆಯ ಬಿರುಸಿನ ವಾರಗಳಲ್ಲಿ ನಮ್ಮ ಮನೆಯನ್ನು ನಡೆಸಿದ್ದು ಅದೇ. ಹಗಲಿನ ಶಾಖ 35 ಡಿಗ್ರಿ ಸೆಲ್ಸಿಯಸ್ ಮೀರಿ ರಾತ್ರಿಯೂ ಸೆಕೆಯಿದ್ದರೆ ಟೊಮೆಟೊ ಹೂ ಉದುರಿಸುತ್ತದೆ, ಮೂಲಂಗಿ ಬೆಂಡಾಗಿ ಹೂದಂಟು ಏರಿಸುತ್ತದೆ, ಸೊಪ್ಪಿನ ಬೀಜ ಒಣಗುವ ಮೇಲ್ಮಣ್ಣಿನಲ್ಲಿ ಸರಿಯಾಗಿ ಮೊಳೆಯುವುದಿಲ್ಲ. ಅಂಥ ದಿನಗಳಲ್ಲಿ ಎಷ್ಟು ಕಂತು ಬಿತ್ತಿದರೂ ವ್ಯರ್ಥ. ಆಗ ಅಟ್ಟದ ಮೇಲಿನ ಕುಂಬಳ ಕೈಹಿಡಿಯುತ್ತದೆ. ತೊಟ್ಟನ್ನು ಎರಡು ಅಂಗುಲ ಉಳಿಸಿ ಕತ್ತರಿಸಿ, ಸಿಪ್ಪೆಗೆ ಗಾಯವಾಗದಂತೆ ತಂದು, ಸುಮಾರು ಹತ್ತು ದಿನ ಬೆಚ್ಚಗಿನ ಗಾಳಿಯಾಡುವ ನೆರಳಿನಲ್ಲಿ ಹದಗೊಳಿಸಿದ ಸಿಹಿಗುಂಬಳ ತಿಂಗಳುಗಟ್ಟಲೆ ಕೆಡುವುದಿಲ್ಲ. ಮೈಮೇಲೆ ಮೇಣದಂಥ ಬೂದಿ ಕಟ್ಟಿಕೊಳ್ಳುವ ಬೂದುಗುಂಬಳ ಅದಕ್ಕಿಂತಲೂ ಗಟ್ಟಿ. ಈರುಳ್ಳಿಯ ಕುತ್ತಿಗೆ ಪೂರ್ತಿ ಒಣಗದೆ ಕೂಡಿಟ್ಟರೆ ಕೊಳೆತ ಅಲ್ಲಿಂದಲೇ ಶುರುವಾಗುತ್ತದೆ. ಮೊದಲ ವರ್ಷ ಅವಸರದಲ್ಲಿ ಹಾಗೆ ಮಾಡಿ ಒಂದು ಗೂಡೆಯಷ್ಟು ತಿಪ್ಪೆಗೆ ಸುರಿದೆವು. ಗೆಣಸನ್ನು ಫ್ರಿಜ್‌ನಲ್ಲಿಡುವುದು ಇನ್ನೊಂದು ತಪ್ಪು; 12 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಅದರ ತಿರುಳು ಗಡುಸಾಗಿ ಕೆಡುತ್ತದೆ. ಒಣಗಿಸಿದ ಕಾಳುಗಳ ವಿಚಾರದಲ್ಲಿ ಹುಳು ಡಬ್ಬಿಯಲ್ಲಿ ಹುಟ್ಟುತ್ತದೆ ಎಂದು ನಂಬಿದ್ದೆವು, ಆದರೆ ಅದರ ಮೊಟ್ಟೆ ಬಹುಪಾಲು ಹೊಲದಲ್ಲಿಯೇ ಕಾಯಿಯ ಮೇಲೆ ಬಿದ್ದಿರುತ್ತದೆ. ಹಾಗಾಗಿ ಕಟಕಟನೆ ಒಣಗಿಸಿ, ಜರಡಿ ಹಿಡಿದ ಬೂದಿ ಬೆರೆಸಿ, ಬಿಗಿಯಾಗಿ ಮುಚ್ಚಿಟ್ಟದ್ದು ಮಾತ್ರ ಉಳಿಯಿತು. ತೆಳ್ಳಗೆ ಹೆಚ್ಚಿ ಒಣಗಿಸಿದ ತರಕಾರಿಯನ್ನು ಮಾತ್ರ ಮಕ್ಕಳು ಮುಟ್ಟಲಿಲ್ಲ, ಅದನ್ನು ನಿಲ್ಲಿಸಿದೆವು.

ಬೀಜದ ದೃಷ್ಟಿಯಿಂದಲೂ ಒಟ್ಟು ಬಿತ್ತನೆಯೇ ಮುಂದೆ. ಒಂದೇ ದಿನ ಬಿತ್ತಿದ ನೂರಾರು ಗಿಡಗಳನ್ನು ಒಟ್ಟಿಗೆ ನೋಡಿದಾಗ ಯಾವುದು ಬಲವಾದದ್ದು, ಯಾವುದು ರೋಗ ತಾಳಿದ್ದು ಎಂಬುದು ತಾನಾಗಿ ಕಣ್ಣಿಗೆ ಬೀಳುತ್ತದೆ, ಬೀಜಕ್ಕೆ ಬಿಡಬೇಕಾದ್ದನ್ನು ಗುರುತು ಕಟ್ಟಬಹುದು; ಕಂತಿನ ಸಾಲಿನಲ್ಲಿರುವ ಹತ್ತು ಗಿಡಗಳಲ್ಲಿ ಅಂಥ ಆಯ್ಕೆಗೆ ಅವಕಾಶವೇ ಇಲ್ಲ, ಬೀಜಕ್ಕೆಂದು ಬಿಟ್ಟ ಗಿಡ ಮುಂದಿನ ಕಂತಿನ ಜಾಗವನ್ನೂ ಹಿಡಿದುಕೊಳ್ಳುತ್ತದೆ. ಹುರುಳಿಕಾಯಿ ಮತ್ತು ಟೊಮೆಟೊ ಹೆಚ್ಚಾಗಿ ಸ್ವಕೀಯ ಪರಾಗಸ್ಪರ್ಶದ ಬೆಳೆಗಳಾದ್ದರಿಂದ ಬೀಜ ಉಳಿಸಿಕೊಳ್ಳುವುದು ಸುಲಭ. ಕುಂಬಳ ಹಾಗಲ್ಲ, ದುಂಬಿ ಬರುವ ಮೊದಲು ಹೂವಿಗೆ ಬಟ್ಟೆ ಕಟ್ಟಿ ಕೈಯಿಂದ ಪರಾಗ ಮುಟ್ಟಿಸದಿದ್ದರೆ ತಳಿ ಬೆರೆಯುತ್ತದೆ. ಈರುಳ್ಳಿ ಬೀಜ ಒಂದೆರಡು ವರ್ಷಗಳಲ್ಲಿಯೇ ಮೊಳೆಯುವ ಶಕ್ತಿ ಕಳೆದುಕೊಳ್ಳುವುದರಿಂದ ಅದನ್ನು ಕೂಡಿಟ್ಟು ಪ್ರಯೋಜನವಿಲ್ಲ.

ಮೂರನೆಯ ತಾಕಿಗೆ ಮೊದಲ ವರ್ಷ ಹಾಕಿದ ಶ್ರಮಕ್ಕೆ ಹೆಚ್ಚೇನೂ ಸಿಗಲಿಲ್ಲ. ನುಗ್ಗೆ, ತೊಂಡೆ, ಬಸಳೆ, ಚಕ್ರಮುನಿ ಇಷ್ಟೇ ನೆಟ್ಟಿದ್ದು, ಎಲ್ಲವೂ ಕಡ್ಡಿಯಿಂದ, ಬೀಜದ ಖರ್ಚಿಲ್ಲ. ಎರಡನೆಯ ವರ್ಷದಿಂದ ನಿತ್ಯದ ಸೊಪ್ಪು ಅಲ್ಲಿಂದಲೇ ಬಂತು. ನುಗ್ಗೆಯನ್ನು ಮೇಲಕ್ಕೆ ಬಿಟ್ಟರೆ ಏಣಿ ಬೇಕಾಗುತ್ತದೆ, ಎದೆಯೆತ್ತರಕ್ಕೆ ಸವರಿದರೆ ಮಗ್ಗುಲಲ್ಲಿ ಕವಲೊಡೆದು ಕೈಗೆಟುಕುತ್ತದೆ. ಚಕ್ರಮುನಿಯ ಬಗ್ಗೆ ಒಂದು ಎಚ್ಚರಿಕೆಯ ಮಾತು: 1990ರ ದಶಕದ ನಡುವಿನಲ್ಲಿ ತೈವಾನಿನಲ್ಲಿ ತೂಕ ಇಳಿಸಲೆಂದು ಇದರ ಹಸಿ ರಸವನ್ನು ದಿನನಿತ್ಯ ಹೇರಳವಾಗಿ ಕುಡಿದವರಲ್ಲಿ ಗುಣವಾಗದ ಶ್ವಾಸಕೋಶದ ಕಾಯಿಲೆ ಕಾಣಿಸಿಕೊಂಡಿತ್ತು, ಹಾಗಾಗಿ ನಮ್ಮಲ್ಲಿ ಅದನ್ನು ಬೇಯಿಸಿ, ಮಿತವಾಗಿ, ಬೇರೆ ಸೊಪ್ಪಿನೊಂದಿಗೆ ಬೆರೆಸಿ ಮಾತ್ರ ಬಳಸುತ್ತೇವೆ. ಈ ತಾಕಿನ ಕೊರತೆಯೆಂದರೆ ಏಕತಾನತೆ. ವಾರವಿಡೀ ತೊಂಡೆ ಕಂಡ ಮನೆಯವರ ಮುಖವನ್ನು ಇಲ್ಲಿ ವರ್ಣಿಸುವುದು ಬೇಡ.

ನೀರಿನಲ್ಲಿ ವ್ಯತ್ಯಾಸ ಸ್ಪಷ್ಟವಾಗಿತ್ತು. ಕಂತಿನ ತಾಕಿನಲ್ಲಿ ಸದಾ ಮೇಲುಬೇರಿನ ಎಳೆಯ ಸಸಿಗಳಿರುವುದರಿಂದ ದಿನವೂ ಸ್ವಲ್ಪ ನೀರು ಬೇಡುತ್ತಿತ್ತು, ಅದೂ ಸಾಲು ಸಾಲಿಗೆ ಬೇರೆ ಅಳತೆಯಲ್ಲಿ. ಬಹುವಾರ್ಷಿಕ ತಾಕಿಗೆ ಒಣಹುಲ್ಲಿನ ದಪ್ಪ ಹೊದಿಕೆ ಹಾಸಿದ ಮೇಲೆ ವಾರಕ್ಕೊಮ್ಮೆ ಆಳವಾಗಿ ಉಣಿಸಿದರೆ ಸಾಕಾಯಿತು. ಆ ಹುಲ್ಲನ್ನು ಮಣ್ಣಿಗೆ ಬೆರೆಸದೆ ಮೇಲೆಯೇ ಬಿಡಬೇಕು. ಬೆರೆಸಿದರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ಹೀರಿಕೊಂಡು ಗಿಡ ಹಳದಿಯಾಗುತ್ತದೆ.

ನಾಲ್ಕನೆಯ ವರ್ಷಕ್ಕೆ ನೆಲದ ಅರ್ಧವನ್ನು ಒಟ್ಟು ಬಿತ್ತನೆಗೆ ಬಿಟ್ಟಿದ್ದೇವೆ, ಉಳಿದರ್ಧದಲ್ಲಿ ಬಹುಪಾಲು ಬಹುವಾರ್ಷಿಕಗಳಿಗೆ. ಕಂತು ಬಿತ್ತನೆ ಬಾವಿಗೆ ಹತ್ತಿರವಿರುವ ನಾಲ್ಕು ಮಡಿಗಳಿಗೆ ಇಳಿದಿದೆ. ಅಲ್ಲಿ ಹರಿವೆ, ಮೂಲಂಗಿ, ಹುರುಳಿಕಾಯಿ ಮಾತ್ರ, ಬೆಂಡೆಗೆ ಪ್ರವೇಶವಿಲ್ಲ, ಬಿಸಿಲು ತೀವ್ರವಾಗುವ ವಾರಗಳಲ್ಲಿ ಆ ಮಡಿಗಳನ್ನು ಹೊದಿಕೆ ಹಾಸಿ ಖಾಲಿ ಬಿಡುತ್ತೇವೆ.